ವಾರಕ್ಕೊಂದು ಹೊಸದು: ವಿಜಯಪುರದಾಗ ಏನು ಮಾಡಬಹುದು, ಹೆಂಗ ಮಾಡೂದು?

ಕೇಳಿದವರು:
ವಯಸ್ಸು 23. ವಿಜಯಪುರದಾಗ ಖಾಸಗಿ ನೌಕರಿ, ಬಾಡಿಗಿ ಖೋಲಿ, ಒಬ್ಬನ ಇರ್ತೀನಿ. ಮುಂಜಾನೆ 9ಕ್ಕ ಹೋದ್ರ ಸಂಜಿ 7ಕ್ಕ ಬರೂದು. ಆಮ್ಯಾಲ ಮೊಬೈಲು, ಊಟ, ನಿದ್ದಿ. ಇಷ್ಟು ದಿನ ಮಾಡದ ಸಣ್ಣ ಕೆಲಸ ವಾರಕ್ಕೊಂದರೆ ಮಾಡಬೇಕಂತ ಐತಿ. ದೊಡ್ಡ ಪ್ರವಾಸ, ಕ್ಲಾಸಿನ ಫೀ ಬ್ಯಾಡ. ತಿಂಗಳಿಗೆ ಸಾವಿರ ರೂಪಾಯಿದಾಗ ಮುಗೀಬೇಕು. ಒಂದು ವಿನಂತಿ: "ಧೈರ್ಯ ಮಾಡು, ಹೊರಗ ಬಾ" ಅನ್ನೂದು ಬ್ಯಾಡ, ನಿಮ್ಮ ಕತಿನೂ ಬ್ಯಾಡ. ಏನು ತರಬೇಕು, ಹೆಂಗ ಮಾಡಬೇಕು, ಎಲ್ಲಿ ಕೆಡತೈತಿ, ಅಷ್ಟು ಹೇಳ್ರಿ.

ಖಾನಾವಳಿ ನಡೆಸುವವರು, ವಿಜಯಪುರ:
ತಮ್ಮಾ, ಖೋಲ್ಯಾಗ ಗ್ಯಾಸ್ ಇದ್ರ ಜ್ವಾಳದ ರೊಟ್ಟಿ ಬಡಿಯೂದು ಕಲಿ. ದಿನಾ ತಿಂತೀರಿ, ಬಡಿಯಾಕ ಒಬ್ಬರಿಗೂ ಬರೂದಿಲ್ಲ.

ಮೊದಲ ಹಿಟ್ಟಿನ ಮಾತು. ಪ್ಯಾಕೆಟ್ ಹಿಟ್ಟು ತರಬ್ಯಾಡ, ಅದು ಬೀಸಿ ಎಷ್ಟು ತಿಂಗಳಾಗಿರತೈತೋ ಏನೋ. ಬಿಳಿಜ್ವಾಳ, ಮಾಲದಂಡಿ ತಳಿ ಸಿಕ್ರ ಅದ, ಎರಡ ಕಿಲೋ ತಗೊಂಡು ಗಿರಣ್ಯಾಗ ಸಣ್ಣಗ ಬೀಸಿಸು. ಗೋದಿ ಬೀಸಿದ ಮ್ಯಾಲ ನಿನ್ನ ಜ್ವಾಳ ಹಾಕಿದ್ರ ಮೊದಲಿನ ಒಂದು ಹಿಡಿ ಕಲಬೆರಕಿ ಬರತೈತಿ, ಅಷ್ಟು ಬ್ಯಾರೆ ತಗಿ. ಗೋದಿಯೊಳಗಿನ ಅಂಟು ಜ್ವಾಳದಾಗ ಇಲ್ಲ. ಕುದಿಯೋ ನೀರಿಗೆ ಹಿಟ್ಟು ಬೆಂದು ಬರೋ ಜಿಗಿನ ರೊಟ್ಟಿನ್ನ ಹಿಡದಿಡೂದು. ಹಿಟ್ಟು ಹಳೇದಾದ್ರ ಜಿಗಿ ಹೋಗತೈತಿ, ಎಷ್ಟ ನಾದಿದ್ರೂ ಅಂಚು ಸೀಳತೈತಿ.

ಎರಡು ಬಟ್ಟಲ ಹಿಟ್ಟಿಗೆ ಒಂದರಿಂದ ಒಂದೂಕಾಲು ಬಟ್ಟಲ ಎಸರು. ನೀರು ಬರೇ ಬಿಸಿ ಆದ್ರ ಸಾಲದು, ಕೊತಕೊತ ಕುದೀಬೇಕು. ಪರಾತದಾಗ ಹಿಟ್ಟು ಹಾಕಿ ನಡುವ ತಗ್ಗು ಮಾಡು, ಅದರಾಗ ಎಸರು ಸುರುವಿ ಚಮಚೆಯಿಂದ ಕಲಸು. ಸುತ್ತ ಒಣ ಹಿಟ್ಟು ಸ್ವಲ್ಪ ಉಳೀಲಿ. ಐದು ನಿಮಿಷ ಮುಚ್ಚಿಡು. ಕೈ ತಾಳುವಂಗಾದ ಮ್ಯಾಲ ಒಂದು ರೊಟ್ಟಿಗೆ ಬೇಕಾದಷ್ಟ ತಗೊಂಡು ಅಂಗೈ ಬುಡದಿಂದ ಒತ್ತಿ ಒತ್ತಿ ನಾದು. ಎಲ್ಲಾ ಒಮ್ಮಿಗೆ ನಾದಿಟ್ರ ಕಡೀ ಉಂಡಿ ಒಣಗಿ ಒಡೀತೈತಿ. ಉಂಡಿ ಒತ್ತಿ ನೋಡು, ಅಂಚಿನ್ಯಾಗ ಬಿರುಕು ಕಂಡ್ರ ಇನ್ನೂ ನಾದಬೇಕು ಅಂತ ತಿಳಿ.

ಕೆಳಗ ಒಣ ಹಿಟ್ಟು ಹರವಿ ಬಡಿ. ಬಲಗೈ ಬಡಿಯೂದು, ಎಡಗೈ ಅಂಚು ಕಾಯೂದು. ಬಡದಂಗ ರೊಟ್ಟಿ ತಾನ ತಿರುಗಬೇಕು. ತಿರುಗಲಿಲ್ಲ ಅಂದ್ರ ತಳಕ್ಕ ಅಂಟೈತಿ, ಎತ್ತಿ ಹಿಟ್ಟು ಹಾಕು. ಶುರುವಿಗೆ ಬಸಿ ಅಗಲ ಸಾಕು, ಹಂಚಿನಷ್ಟು ಅಗಲ ಮಾಡಾಕ ಹೋಗಬ್ಯಾಡ, ಎತ್ತುವಾಗ ಹರೀತೈತಿ. ಹಿಟ್ಟು ಹತ್ತಿದ ಮಗ್ಗಲು ಮ್ಯಾಲ ಬರುವಂಗ ಕಾದ ಹಂಚಿಗೆ ಹಾಕು, ತಕ್ಷಣ ಒದ್ದಿ ಅರಬಿಯಿಂದ ನೀರು ಸವರು. ಆ ನೀರು ಆರೂದಕ್ಕೂ ಹೊಳ್ಳಿ ಹಾಕೂದಕ್ಕೂ ಸರಿ ಹೊಂದಬೇಕು: ನೀರು ಹಸಿ ಇದ್ದಾಗ ಹೊಳ್ಳಿಸಿದ್ರ ಹಂಚಿಗೆ ಮೆತ್ತತೈತಿ, ಪೂರಾ ಒಣಗಾಕ ಬಿಟ್ರ ಸೀಳತೈತಿ. ಎರಡನೇ ಮಗ್ಗಲು ಬೆಂದ ಮ್ಯಾಲ ಅರಬಿಯಿಂದ ಅಂಚು ಒತ್ತು, ಉಬ್ಬತೈತಿ.

ದಪ್ಪಾಗಿ ಕೆಟ್ಟ ರೊಟ್ಟಿ ಒಗೀಬ್ಯಾಡ. ಬಿಸಿ ಇದ್ದಾಗನ ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಜೀರಗಿ, ಉಪ್ಪು, ಒಂದು ಚಮಚೆ ಎಣ್ಣಿ ಹಾಕಿ ಕುಟ್ಟಿ ಮುಟಗಿ (ಮುಷ್ಟಿಯಾಗ ಹಿಚಕಿದ ಉಂಡಿ) ಕಟ್ಟು.

ಕೇಳಿದವರು:
ಅಕ್ಕಾರ, ನಂದು ನಾನ್‌ಸ್ಟಿಕ್ ತವಾ. ನಡೀತೈತೇನ್ರಿ? ಮತ್ತ ಕೆಳಗ ಮನಿ ಮಾಲಕರು ಇರ್ತಾರ, ರಾತ್ರಿ 8ಕ್ಕ ಬಡದ್ರ ಸಪ್ಪಳ ಆಗತೈತಿ.

ಖಾನಾವಳಿ ನಡೆಸುವವರು:
ನಡಿಯೂದಿಲ್ಲ. ರೊಟ್ಟಿಗೆ ಬೇಕಾದ ಕಾವಿಗೆ ನಾನ್‌ಸ್ಟಿಕ್ ಲೇಪ ಹಾಳಾಗತೈತಿ. ಸಂತ್ಯಾಗ ಕಬ್ಬಿಣದ ಹಂಚು ತಗೋ, ಈ ತಿಂಗಳ ಖರ್ಚು ಅದ. ಹೊಸಾ ಹಂಚಿಗೆ ಎಣ್ಣಿ ಸವರಿ ಎರಡು ಮೂರು ಸಲ ಕಾಸಿ ಆರಿಸು, ಇಲ್ಲಾಂದ್ರ ಮೊದಲ ರೊಟ್ಟಿಗೆ ಕಬ್ಬಿಣದ ವಾಸನಿ ಬರತೈತಿ. ಪರಾತದ ಕೆಳಗ ಗೋಣಿಚೀಲ ನಾಕು ಮಡಿಕಿ ಮಾಡಿ ಹಾಕು, ಅರ್ಧಾ ಸಪ್ಪಳ ಅದ ತಿಂತೈತಿ. ಮಾಲಕರಿಗೆ ಎರಡು ರೊಟ್ಟಿ ಕೊಟ್ರ ಉಳಿದರ್ಧನೂ ಹೋದೀತು.

ಗೃಹಿಣಿ, ಮುದ್ದೇಬಿಹಾಳ:
ಒಂದು ತಿದ್ದುಪಡಿ. ನೀರಿನ ಅಳತಿ ಎಲ್ಲಾ ಹಿಟ್ಟಿಗೂ ಒಂದ ಅಲ್ಲ. ಸಣ್ಣಗ ಬೀಸಿದ್ದು ಜಾಸ್ತಿ ಕುಡೀತದ. ಎಸರು ಒಂದು ಬಟ್ಟಲದ ಮ್ಯಾಲ ಹಾಕಬ್ಯಾಡ್ರಿ, ಉಳಿದದ್ದು ನಾದುವಾಗ ಉಗುರುಬೆಚ್ಚಗಿನ ನೀರು ಚಿಮಕಿಸಿ ಸರಿ ಮಾಡ್ಕೋರಿ. ನೀರು ಹೆಚ್ಚಾಗಿ ಹಿಟ್ಟು ಹಾಕೂದು, ಹಿಟ್ಟು ಹೆಚ್ಚಾಗಿ ನೀರು ಹಾಕೂದು, ಇದು ಶುರು ಆತಂದ್ರ ನಾಕು ಮಂದಿ ರೊಟ್ಟಿ ಆಗ್ತಾವ.

ಕಸೂತಿ ಕಲಿಸುವವರು, ಬಾಗಲಕೋಟೆ:
ಕಸೂತಿ ಹೆಣ್ಣುಮಕ್ಕಳ ಕೆಲಸ ಅಂತ ಬಿಟ್ಟುಬಿಡಬೇಡಿ. ಇದು ಎಳೆ ಎಣಿಸುವ ಲೆಕ್ಕದ ಕೆಲಸ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದೇ ಇಲ್ಲ. ಇಳಕಲ್ ಸೀರೆಯ ಮೇಲೆ ಕಾಣುವ ಗೋಪುರ, ರಥ, ಆನೆ, ತುಳಸಿಕಟ್ಟೆ ಎಲ್ಲವೂ ಎಣಿಕೆಯಲ್ಲೇ ಹುಟ್ಟಿದವು.

ಬೇಕಾದದ್ದು: ಅರ್ಧ ಮೀಟರ್ ಮ್ಯಾಟಿ ಬಟ್ಟೆ (ಎಳೆ ದಪ್ಪ, ಕಣ್ಣಿಗೆ ಕಾಣುತ್ತವೆ), ಮೊಂಡು ಮೊನೆಯ ಸೂಜಿ, ಆರೆಳೆಯ ಕಸೂತಿ ದಾರದ ಎರಡು ಲಡಿ, ಆರಿಂಚಿನ ರಿಂಗ್, ಚೌಕಳಿ ಹಾಳೆ. ಚೂಪು ಸೂಜಿ ಬೇಡ. ಅದು ಎಳೆಗಳ ನಡುವೆ ಹೋಗುವ ಬದಲು ಎಳೆಯನ್ನೇ ಸೀಳುತ್ತದೆ, ಆಮೇಲೆ ಬಿಚ್ಚಲು ಬರುವುದಿಲ್ಲ.

ಹೊಲಿಗೆ ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತಿ. ನೀವು ಗವಂತಿಯೊಂದನ್ನೇ ಹಿಡಿಯಿರಿ. ಆರೆಳೆಯಲ್ಲಿ ಎರಡೆಳೆ ಬೇರೆ ಮಾಡಿ ಒಂದು ಮೊಳದಷ್ಟು ಕತ್ತರಿಸಿ. ಅದಕ್ಕಿಂತ ಉದ್ದವಾದರೆ ಸಿಕ್ಕು ಬೀಳುತ್ತದೆ, ಪದೇ ಪದೇ ಬಟ್ಟೆಯೊಳಗೆ ಹಾದು ದಾರ ಸವೆದು ಬಿಚ್ಚಿಕೊಳ್ಳುತ್ತದೆ. ಗಂಟು ಹಾಕುವಂತಿಲ್ಲ, ಎರಡಿಂಚು ಬಾಲ ಬಿಟ್ಟು ಶುರು ಮಾಡಿ, ಕೊನೆಗೆ ಆ ಬಾಲವನ್ನು ಹೊಲಿಗೆಗಳ ಅಡಿಗೆ ತೂರಿಸಿ. ಹೋಗುವಾಗ ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ. ಬರುವಾಗ ಅದೇ ದಾರಿಯಲ್ಲಿ ಬಿಟ್ಟ ಜಾಗ ತುಂಬಿಕೊಂಡು ಬರುವುದು. ಸರಿಯಾಗಿ ಬಂದರೆ ಬಟ್ಟೆಯ ಹಿಂದೆ ಮುಂದೆ ಒಂದೇ ಚಿತ್ರ.

ಕೆಡುವುದು ಎರಡು ಕಡೆ. ಒಂದು, ಎಣಿಕೆ. ಎಲ್ಲೋ ನಾಲ್ಕರ ಬದಲು ಐದೆಳೆ ಹಿಡಿದಿದ್ದರೆ ಆಗ ಗೊತ್ತಾಗುವುದಿಲ್ಲ, ಚೌಕ ಕೂಡಿಸುವ ಹೊತ್ತಿಗೆ ಮೂಲೆಗೆ ಮೂಲೆ ಸೇರುವುದಿಲ್ಲ. ಹತ್ತು ಹೊಲಿಗೆಗೊಮ್ಮೆ ಎಣಿಸಿದರೆ ಬಿಚ್ಚುವುದು ಹತ್ತೇ ಹೊಲಿಗೆ. ಎರಡನೆಯದು ಕವಲು. ಗಿಡದ ಕೊಂಬೆ ಬಂದಾಗ ಮೊದಲು ಕೊಂಬೆಗೆ ಹೋಗಿ, ಅದನ್ನು ತುಂಬಿಸಿಕೊಂಡು ಮರಳಿ ಬಂದು, ಆಮೇಲೆ ಕಾಂಡ ಮುಂದುವರಿಸಬೇಕು. ಮರಳಿ ಬರುವಾಗಲೂ ಮರೆತರೆ ದಾರ ತುಂಡರಿಸಿ ಹೊಸದಾಗಿ ಹಚ್ಚುವುದೇ ಗತಿ. ಅದಕ್ಕೇ ಚೌಕಳಿ ಹಾಳೆ: ಸೂಜಿ ಹಿಡಿಯುವ ಮೊದಲು ಪೆನ್ಸಿಲ್ಲನ್ನು ಎತ್ತದೆ, ಪ್ರತಿ ಗೆರೆಯ ಮೇಲೂ ಎರಡೇ ಸಲ ಹಾದು ಶುರು ಮಾಡಿದ ಕಡೆಗೇ ಬರುವ ದಾರಿ ಹುಡುಕಿ. ಮೊದಲು ಒಂದು ಚೌಕ, ಆಮೇಲೆ ತುಳಸಿಕಟ್ಟೆ. ಆನೆಗೆ ಈಗಲೇ ಕೈ ಹಾಕಬೇಡಿ.

ಮಾರ್ಗದರ್ಶಿ, ವಿಜಯಪುರ:
ಊರಾಗ ಇದ್ದು ಗೋಳಗುಮ್ಮಟ ಸರಿಯಾಗಿ ಕೇಳದವರು ಭಾಳ ಮಂದಿ ಅದಾರ. "ಕೇಳದವರು" ಅಂತನ ಬರದೀನಿ. ಭಾನುವಾರ ಮಧ್ಯಾಹ್ನ ಹೋದ್ರ ಎಲ್ಲಾರೂ ಚೀರತಿರ್ತಾರ, ದನಿ ಮ್ಯಾಲ ದನಿ ಬಿದ್ದು ಬರೇ ಗದ್ದಲ. ವಾರದ ದಿನ, ಬಾಗಿಲ ತಗದ ಕೂಡಲೆ ಹೋಗ್ರಿ. ಮೂಲಿ ಗೋಪುರದ ಮೆಟ್ಟಿಲ ಸಣ್ಣವು, ಎತ್ತರ, ಅಲ್ಲಲ್ಲಿ ಕತ್ತಲ; ಏಳಂತಸ್ತು ಹತ್ತಬೇಕು, ಎರಡೂ ಕೈ ಖಾಲಿ ಇರಲಿ. ಗ್ಯಾಲರ್‍ಯಾಗ ಒಬ್ಬರು ಒಂದು ಕಡೆ, ಇನ್ನೊಬ್ಬರು ಎದುರು ಕಡೆ ಗ್ವಾಡಿಗೆ ಕಿವಿ ಹಚ್ಚಿ ನಿಲ್ರಿ. ಮಾತು ನಡುವಿನ ಬಯಲಿಗೆ ಆಡಬ್ಯಾಡ್ರಿ, ಗ್ವಾಡಿಗುಂಟ ಪಿಸುಗುಡ್ರಿ. ದುಂಡನ ಗ್ವಾಡಿ ದನಿನ್ನ ಜಾರಿಸಿಕೊಂಡು ಆ ಕಡೆ ಒಯ್ತೈತಿ. ಆಮ್ಯಾಲ ಒಂದ ಒಂದು ಚಪ್ಪಾಳಿ ಹೊಡದು, ಸುಮ್ಮನ ನಿಂತು ಎಷ್ಟು ಸಲ ಮರಳತೈತಿ ಎಣಸ್ರಿ. ಜೋಡಿಗೆ ಯಾರೂ ಇಲ್ಲಾಂದ್ರ ಚಪ್ಪಾಳಿ ಸಾಕು. 1656ರ ಕಟ್ಟಡ, ಇನ್ನೂ ಉತ್ತರ ಕೊಡತೈತಿ.

ವಿಜ್ಞಾನ ಶಿಕ್ಷಕರು, ಬೆಳಗಾವಿ:
ಒಂದು ಪೈಸೆಯೂ ಖರ್ಚಿಲ್ಲದ್ದು ಹೇಳುತ್ತೇನೆ: ನಿಮ್ಮ ನೆರಳು ಕಳೆದುಹೋಗುವ ದಿನ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ವಿಜಯಪುರಕ್ಕೆ ಮೇ 7ರ ಸುಮಾರು ಮತ್ತು ಆಗಸ್ಟ್ 5ರ ಸುಮಾರು. ಬಾಗಲಕೋಟೆಗೆ ಮೇ 5, ಆಗಸ್ಟ್ 8. ಬೆಳಗಾವಿಗೆ ಮೇ 4, ಆಗಸ್ಟ್ 9ರ ಆಸುಪಾಸು. ಒಂದು ದಿನ ಹೆಚ್ಚುಕಡಿಮೆಯಾದರೆ ಚಿಂತೆ ಬೇಡ, ಒಂದಡಿ ಕೋಲಿನ ನೆರಳಿನಲ್ಲಿ ಎರಡು ಮಿಲಿಮೀಟರಿನಷ್ಟೂ ವ್ಯತ್ಯಾಸವಾಗದು.

ಹೊತ್ತು 12 ಗಂಟೆ ಅಲ್ಲ. ನಮ್ಮ ಗಡಿಯಾರದ ಹೊತ್ತು (ಭಾರತದ ಸಮಯ) 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು, ವಿಜಯಪುರ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ಮೇ ತಿಂಗಳಲ್ಲಿ ನಿಜವಾದ ನಡುಮಧ್ಯಾಹ್ನ 12:23ರ ಸುಮಾರು, ಆಗಸ್ಟ್‌ನಲ್ಲಿ 12:33ರ ಸುಮಾರು. ಆಫೀಸಿನ ಊಟದ ಬಿಡುವು ಸಾಕು.

ಮಾಳಿಗೆಯ ಮೇಲೆ ಸಮತಟ್ಟಾದ ಹಲಗೆ ಇಡಿ. ತಟ್ಟೆಯಲ್ಲಿ ನೀರು ಹಾಕಿ ಇಟ್ಟರೆ ವಾರೆ ಇದ್ದದ್ದು ತಿಳಿಯುತ್ತದೆ. ಅದರ ಮೇಲೆ ನೆಟ್ಟಗಿನ ಪೈಪಿನ ತುಂಡು ನಿಲ್ಲಿಸಿ. ನೀರು ಕುಡಿಯುವ ಲೋಟ ಬೇಡ. ಬಾಯಿ ಅಗಲ, ತಳ ಕಿರಿದು ಇರುವುದರಿಂದ ಬಾಯಿಯ ನೆರಳು ಸುತ್ತ ಬಿದ್ದು ಮೋಸ ಮಾಡುತ್ತದೆ. 12:10ರಿಂದ ಎರಡು ನಿಮಿಷಕ್ಕೊಂದು ಫೋಟೊ ತೆಗೆಯಿರಿ. ಸೂರ್ಯನತ್ತ ನೋಡಬೇಡಿ, ನೋಡಬೇಕಾದದ್ದು ಕೆಳಗಿದೆ.

ಚಳಿಗಾಲಕ್ಕೆ ಇನ್ನೊಂದು: ಫೆಬ್ರುವರಿ ನಡುವೆ ರಾತ್ರಿ 9ರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ಕೈ ಮುಂದೆ ಚಾಚಿ. ದಿಗಂತದಿಂದ ಒಂದರ ಮೇಲೊಂದು ಎರಡು ಮುಷ್ಟಿ ಎತ್ತರದಲ್ಲಿ ಹೊಳೆಯುವುದು ಅಗಸ್ತ್ಯ ನಕ್ಷತ್ರ. ಒಂದು ಮುಷ್ಟಿ ಸುಮಾರು 10 ಡಿಗ್ರಿ. ಅದರ ಮೇಲೆ, ಇನ್ನೂ ಪ್ರಖರವಾಗಿರುವುದು ಲುಬ್ಧಕ. ಉತ್ತರಕ್ಕೆ ತಿರುಗಿದರೆ ಎರಡು ಮುಷ್ಟಿಗೆ ತುಸು ಕಡಿಮೆ ಎತ್ತರದಲ್ಲಿ ಧ್ರುವ. ಅದು ಮಂಕು, ದಾರಿದೀಪ ಇರುವ ಓಣಿಯಲ್ಲಿ ಹುಡುಕಬೇಡಿ.

ರೈತರು, ಬಸವನಬಾಗೇವಾಡಿ:
ಡಿಸೆಂಬರ್ ಕಡೀ ವಾರದಿಂದ ಜನವರಿತನಕ ಸೀತನಿ (ಸುಟ್ಟು ತಿನ್ನೂ ಹಸೀ ಜ್ವಾಳದ ತೆನಿ) ಸಿಗತೈತಿ. ಹಾಲಗಾಳು ಗಟ್ಟಿಯಾಗಾಕ ಹತ್ತಿದ ತೆನಿ ಇರಬೇಕು: ಉಗುರಿನಿಂದ ಒತ್ತಿದ್ರ ಮೆತ್ತಗ ಹಿಚಕಬೇಕು, ಹಾಲು ಚಿಮ್ಮಬಾರದು. ಚಿಮ್ಮಿದ್ರ ಎಳೇದು, ಸುಟ್ಟಾಗ ಬರೇ ಸಿಪ್ಪಿ. ಒತ್ತಿದ್ರ ತಗ್ಗದಿದ್ರ ಬಲತೈತಿ, ಹಲ್ಲಿಗೆ ಕೆಲಸ. ಕುಳ್ಳಿನ ಕೆಂಡದಾಗ ಹುಗದು ಸುಡಬೇಕು, ಉರಿ ಮ್ಯಾಲ ಹಿಡದ್ರ ಹೊರಗ ಕರಕ, ಒಳಗ ಹಸಿ. ಬಿಸಿ ಇದ್ದಾಗನ ಗೋಣಿತಟ್ಟಿನ ಮ್ಯಾಲ ತಿಕ್ಕಿ, ಮೊರದಾಗ ಕೇರಿ, ಶೇಂಗಾ ಹಿಂಡಿ (ಚಟ್ನಿಪುಡಿ), ಬೆಲ್ಲ, ಮೊಸರು ಜೋಡಿ ತಿನ್ರಿ. ಆರಿದ್ರ ಬಿರುಸಾಗತೈತಿ. ಕೇಳದ ಯಾರ ಹೊಲದಾಗೂ ಕೈ ಹಾಕಬ್ಯಾಡ್ರಿ. ಕೇಳಿದ್ರ ಇಲ್ಲ ಅನ್ನವರು ಕಡಿಮಿ.

ರಕ್ತನಿಧಿ ತಂತ್ರಜ್ಞರು, ವಿಜಯಪುರ:
ಮೊದಲ ಸಲ ರಕ್ತ ಕೊಡುವುದನ್ನೂ ಪಟ್ಟಿಗೆ ಸೇರಿಸಿ. 18 ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ತಲೆ ಸುತ್ತಿ ಬೀಳುವವರಲ್ಲಿ ಬಹಳ ಮಂದಿ ನಾಷ್ಟಾ ಬಿಟ್ಟು ಬಂದವರೇ. ಹಿಂದಿನ ರಾತ್ರಿ ನಿದ್ದೆಯಾಗಿರಲಿ. ಕೊಟ್ಟ ಮೇಲೆ ಹದಿನೈದು ನಿಮಿಷ ಕುಳಿತು ಏಳಿ, ಅವತ್ತು ಭಾರ ಎತ್ತಬೇಡಿ. ಮುಂದಿನದಕ್ಕೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ.

ಬಾದಾಮಿಯವರು:
ಭಾನುವಾರಕ್ಕೆ ರೈಲು ಹಿಡಿಯಿರಿ. ಸೊಲ್ಲಾಪುರ–ಗದಗ ಮಾರ್ಗ ವಿಜಯಪುರ, ಆಲಮಟ್ಟಿ, ಬಾಗಲಕೋಟೆ, ಬಾದಾಮಿ ಮೇಲೇ ಹೋಗುತ್ತದೆ. ಕಾಯ್ದಿರಿಸದ ಟಿಕೀಟು ಸಾಕು, ಆದರೆ 200 ಕಿಲೋಮೀಟರ್ ಒಳಗಿನ ಈ ಟಿಕೀಟಿಗೆ ಮೂರು ತಾಸಿನ ಗಡುವು ಇದೆ. ಹಿಂದಿನ ರಾತ್ರಿಯೇ ತೆಗೆದಿಟ್ಟರೆ ದುಡ್ಡು ಹೋದಂತೆ. ಮರಳುವ ಗಾಡಿಯ ಹೊತ್ತು ನೋಡಿಕೊಂಡೇ ಹೊರಡಿ, ತಪ್ಪಿದರೆ ಬಸ್ಸು. ನಿಲ್ದಾಣ ಊರಿನಿಂದ ಐದು ಕಿಲೋಮೀಟರ್ ದೂರ, ಒಬ್ಬರೇ ಆಟೋ ಮಾಡಿದರೆ ತುಟ್ಟಿ, ಹಂಚಿಕೊಂಡು ಹೋಗಿ.

ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೂರನ್ನೂ ಒಂದೇ ದಿನ ಮುಗಿಸುವ ಹುಚ್ಚು ಬೇಡ. ಒಂದೇ ಮಾಡಿ: ಬಾದಾಮಿಯ ಮೂರನೇ ಗುಹೆ. ಅಲ್ಲಿ ಕ್ರಿ.ಶ. 578ರ ಶಾಸನವಿದೆ, ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಲೇಶ ಬರೆಸಿದ್ದು. ಒಂದು ಕಂಬ ಆರಿಸಿಕೊಂಡು ಅರ್ಧ ತಾಸು ಪೆನ್ಸಿಲ್ಲಿನಲ್ಲಿ ಬರೆಯಿರಿ. ಚಿತ್ರ ಹೇಗೇ ಬರಲಿ, ಫೋಟೊ ತೆಗೆಯುವಾಗ ಕಾಣದ್ದು ಕಾಣುತ್ತದೆ. ಪ್ಲಾಸ್ಟಿಕ್ ಚೀಲ ಕೈಯಲ್ಲಿ ಹಿಡಿಯಬೇಡಿ. ನಮ್ಮೂರ ಮಂಗಗಳಿಗೆ ಚೀಲ ಎಂದರೆ ತಿಂಡಿ, ಒಳಗೆ ಕನ್ನಡಕವಿದ್ದರೂ ಅಷ್ಟೇ.

ಕೇಳಿದವರು:
ಮಳಿಗಾಲದಾಗ ಬಂದ್ರ?

ಬಾದಾಮಿಯವರು:
ಆಗ ಅಗಸ್ತ್ಯ ತೀರ್ಥ ಕೆರೆಯ ಹತ್ತಿರ ಬಂಡೆ ಮೇಲಿಂದ ಅಕ್ಕ-ತಂಗಿ ಜಲಪಾತ ಬೀಳುತ್ತದೆ. ಜೋರು ಮಳೆಯಾದಾಗ ಮಾತ್ರ, ಮಳೆ ನಿಂತರೆ ಬೇಗ ಸೊರಗುತ್ತದೆ. ಮುನ್ಸೂಚನೆ ನೋಡಿ ಹಿಂದಿನ ದಿನ ಮಳೆಯಾಗಿದ್ದರೆ ಮರುದಿನ ಬೆಳಿಗ್ಗೆಯ ಗಾಡಿಗೇ ಬನ್ನಿ. ಹಾವಸೆ ಕಟ್ಟಿದ ಮರಳುಗಲ್ಲು ಬಹಳ ಜಾರುತ್ತದೆ. ಸವೆದ ಚಪ್ಪಲಿ ಬಿಟ್ಟು ಹಲ್ಲಿರುವ ರಬ್ಬರ್ ತಳದ ಬೂಟು ಹಾಕಿಕೊಳ್ಳಿ, ಬಂಡೆಯ ಅಂಚಿಗೆ ಹೋಗದೆ ಕೆರೆಯ ಕಡೆಯಿಂದಲೇ ನೋಡಿ.