ಸಹಾಯ ಬೇಕು: 20ನೇ ತಾರೀಕಿಗೇ ಸಂದರ್ಶನ, ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ಕುಂಬಳೆಯ ಒಂದು ತೆರಿಗೆ ಸಲಹಾ ಕಚೇರಿಯಲ್ಲಿ ನಾಲ್ಕು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಮಂಗಳೂರಿನ ಕಂಪನಿಯೊಂದು ಸಂದರ್ಶನಕ್ಕೆ ಕರೆದಿದೆ. ಯಾವ ದಿನಕ್ಕೆ ಗೊತ್ತೇ? ಇದೇ 20ರಂದು, ಬೆಳಿಗ್ಗೆ 11ಕ್ಕೆ!

ಈ ಕೆಲಸ ಬಲ್ಲವರಿಗೆ ಹೇಳಬೇಕಾಗಿಲ್ಲ. ತಿಂಗಳು ತಿಂಗಳು ಜಿಎಸ್‌ಟಿ ಕಟ್ಟುವವರು 3ಬಿ ರಿಟರ್ನ್, ಅಂದರೆ ಹಿಂದಿನ ತಿಂಗಳ ವ್ಯಾಪಾರ ಮತ್ತು ತೆರಿಗೆಯ ಲೆಕ್ಕ, ಸಲ್ಲಿಸಲು 20 ಕೊನೆಯ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಗೆ ವರ್ಷಕ್ಕೆ ಶೇಕಡಾ 18ರ ಬಡ್ಡಿ. ನಮ್ಮ ಅಡಕೆ ವ್ಯಾಪಾರಿಗಳೋ, 19ರ ಸಂಜೆಗೆ ಮೊದಲು ಬಿಲ್ಲು ತಂದವರಲ್ಲ. ಕಳೆದ ತಿಂಗಳು ಒಬ್ಬರು ರಬ್ಬರ್ ಬ್ಯಾಂಡ್ ಸುತ್ತಿದ ಕಟ್ಟನ್ನು ಮಳೆಯಲ್ಲಿ ನೆನೆಸಿಕೊಂಡು ಬಂದರು. ಫ್ಯಾನಿನ ಕೆಳಗೆ ಒಂದೊಂದಾಗಿ ಹರಡಿ, ಒಣಗಿಸಿ, ಅಂಕಿ ಓದಿದೆ.

ಧಣಿಗಳು ಒಳ್ಳೆಯವರು. ಸುಳ್ಳು ಹೇಳಿ ರಜೆ ಹಾಕಲು ಮನಸ್ಸು ಬರುತ್ತಿಲ್ಲ. ಅಜ್ಜಿಗೆ ಈಗಾಗಲೇ ಎರಡು ಬಾರಿ ಜ್ವರ ಬರಿಸಿಯಾಗಿದೆ. ಎರಡನೆಯ ಸಲ ಅವರು ತೋಟದಲ್ಲಿ ಸೋಗೆ ಎಳೆಯುತ್ತಿದ್ದುದನ್ನು ಧಣಿಗಳೇ ಕಂಡಿದ್ದರು. ನಿಜ ಹೇಳಿದರೆ, ನಾಳೆ ಅಲ್ಲಿ ಕೆಲಸ ಸಿಗದಿದ್ದಾಗ ಇಲ್ಲಿ ಮುಖ ತೋರಿಸುವುದು ಹೇಗೆ?

ಸಂದರ್ಶನವನ್ನು 21ಕ್ಕೋ 22ಕ್ಕೋ ಮುಂದೂಡಿ ಎಂದು ಕೇಳಿದರೆ ಕಂಪನಿಯವರು ತಪ್ಪು ತಿಳಿಯುತ್ತಾರೆಯೇ? ಕಾರಣವನ್ನು ಇದ್ದಂತೆ ಬರೆಯಲೇ, ಫೋನಿನಲ್ಲಿ ಹೇಳಲೇ? ವಿಡಿಯೋ ಸಂದರ್ಶನ ಕೇಳಬಹುದಿತ್ತು, ಆದರೆ ನಮ್ಮ ಕಚೇರಿಯಲ್ಲಿ ಬಾಗಿಲಿರುವ ಕೋಣೆ ಧಣಿಗಳದ್ದೊಂದೇ. ಹೀಗೆ ದಿನ ಬದಲಿಸಿಕೊಂಡವರು ಯಾರಾದರೂ ಇದ್ದರೆ, ಏನೆಂದು ಬರೆದಿರಿ ಎಂಬುದನ್ನು ದಯವಿಟ್ಟು ತಿಳಿಸಿ. ನಾಳೆ ಮಧ್ಯಾಹ್ನದೊಳಗೆ ಅವರಿಗೆ ಉತ್ತರಿಸಬೇಕು.