ಅವ್ವ ಕಿಮೋಗೆ ಒಲ್ಲೆ ಅಂತಾರೆ: ಓದುಗರ ಸ್ಪಂದನ

ಕಳೆದ ವಾರದ ಪತ್ರ

ನಾವು ಸಿಂಧನೂರು ತಾಲ್ಲೂಕಿನವರು. ಅವ್ವನಿಗೆ 58 ವರ್ಷ. ಲಿಂಫೋಮಾ ಅನ್ನೋ ಕ್ಯಾನ್ಸರ್ ಅಂತ ಗೊತ್ತಾಗಿ ಬೆಂಗಳೂರಿನಲ್ಲಿ ಆರು ಸುತ್ತು ಕಿಮೋ ಹೇಳಿದ್ದರು. ಮೂರು ಮುಗಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಕೊರೊನಾ ಬಂತು. ನಮಗೆಲ್ಲ ಎರಡು ದಿನದ ನೆಗಡಿ. ಅವ್ವನಿಗೆ ಮಾತ್ರ ಆಕ್ಸಿಜನ್ ಹಚ್ಚಬೇಕಾಯಿತು, ಒಂಬತ್ತು ದಿನ ಆಸ್ಪತ್ರೆ. ತಿಂಗಳಾದರೂ ಪರೀಕ್ಷೆಯಲ್ಲಿ ಪಾಸಿಟಿವ್ ಅಂತಲೇ ಬರುತ್ತಿತ್ತು. ಈಗ ಆರಾಮಾಗಿದ್ದಾರೆ. ಡಾಕ್ಟರು ನಾಲ್ಕನೇ ಸುತ್ತಿಗೆ ಕರೆದಿದ್ದಾರೆ. ಅವ್ವ 'ನಾ ಒಲ್ಲೆ, ಆ ಔಷಧದಿಂದನೇ ನನಗ ಹಿಂಗಾತು' ಅಂತಾರೆ. ಅಣ್ಣನೂ ಅವರ ಕಡೆಗೇ. ಮೇಲಾಗಿ ದಿನಾ ನಾಲ್ಕೈದು ಮಂದಿ ನೋಡಲು ಬರುತ್ತಾರೆ. ಬೇಡ ಅಂದರೆ 'ಕೊರೊನಾ ಈಗ ಎಲ್ಲೈತಿ' ಅಂತ ಸಿಟ್ಟಾಗುತ್ತಾರೆ. ನಾನೊಬ್ಬಳೇ ಏನು ಮಾಡಲಿ?

ತಂಗೀ, ನಿನ್ನ ಪತ್ರವನ್ನು ಮೂರು ಸಲ ಓದಿದೆ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ, ಕೇಳು.

ನನ್ನ ಯಜಮಾನರಿಗೆ ಬಾಯಿ ಕ್ಯಾನ್ಸರ್ ಇತ್ತು. 2020ರ ಫೆಬ್ರುವರಿಯಲ್ಲಿ ಆಪರೇಷನ್ ಆಯಿತು. ಗಾಯ ಮಾಯ್ದ ಮೇಲೆ ರೇಡಿಯೇಷನ್‌ಗೆ ಬನ್ನಿ ಅಂದಿದ್ದರು. ಅಷ್ಟರಲ್ಲಿ ಮಾರ್ಚ್ ಬಂತು, ಬಸ್ಸು ನಿಂತವು, ರೈಲು ನಿಂತವು. ಮೇ ತಿಂಗಳಲ್ಲಿ ಪಾಸ್ ಮಾಡಿಸಿಕೊಂಡು ಹೋಗಬಹುದಿತ್ತು. ನಾವು ಹೋಗಲಿಲ್ಲ. ಕ್ಯಾನ್ಸರ್ ಇದ್ದವರಿಗೆ ಕೊರೊನಾ ಬಂದರೆ ಉಳಿಯುವುದಿಲ್ಲ ಅಂತ ಟಿವಿಯಲ್ಲಿ ದಿನವಿಡೀ ಹೇಳುತ್ತಿದ್ದರು. ಮನೆಯಲ್ಲೇ ಇದ್ದರೆ ಆದರೂ ಉಳಿಯುತ್ತಾರಲ್ಲ ಅಂತ ನಾನೇ ತಡೆದೆ. ಆಗಸ್ಟಿನಲ್ಲಿ ದವಡೆ ಕೆಳಗೆ ಮತ್ತೆ ಗಂಟು ಕಾಣಿಸಿತು. ಅವರಿಗೆ ಕೊರೊನಾ ಬರಲೇ ಇಲ್ಲ ತಂಗೀ. ಮರುವರ್ಷ ಯುಗಾದಿಗೆ ಅವರು ಇರಲಿಲ್ಲ.

ನಾವಷ್ಟೇ ಅಲ್ಲ, ದೇಶದ ತುಂಬ ಹೀಗೇ ಆಗಿತ್ತು ಅಂತ ಆಮೇಲೆ ಓದಿದೆ. 2020ರ ಮಾರ್ಚ್‌ನಿಂದ ಮೇವರೆಗೆ 41 ಕ್ಯಾನ್ಸರ್ ಕೇಂದ್ರಗಳಲ್ಲಿ ಹೆಸರು ಹಚ್ಚಿಸಿದ ಹೊಸ ರೋಗಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇಕಡಾ 54ರಷ್ಟು ಇಳಿದಿತ್ತಂತೆ. ಕ್ಯಾನ್ಸರ್ ಏನು ಕಡಿಮೆಯಾಗಿತ್ತಾ? ಎಲ್ಲರೂ ನಮ್ಮ ಹಾಗೆ ಮನೆಯಲ್ಲಿ ಕೂತಿದ್ದರು.

ನಿನ್ನ ಅಣ್ಣನ ಮೇಲೆ ಸಿಟ್ಟು ಮಾಡಬೇಡ. ಅವನು ಅವ್ವ ಆಕ್ಸಿಜನ್ ಮೇಲೆ ಮಲಗಿದ್ದನ್ನು ನೋಡಿದ್ದಾನೆ. ಅದೇ ಕಣ್ಣ ಮುಂದೆ ಇರುತ್ತದೆ. ನನಗೂ ಹಾಗೇ ಇತ್ತು. ಅವನನ್ನೇ ಡಾಕ್ಟರ ಮುಂದೆ ಕೂರಿಸು. 'ಎಷ್ಟು ದಿನ ತಡ ಮಾಡಬಹುದು, ಅದಕ್ಕಿಂತ ತಡವಾದರೆ ಏನಾಗುತ್ತದೆ' ಅಂತ ಅವನೇ ಕೇಳಲಿ. ನಾನು ಈ ಪ್ರಶ್ನೆ ಕೇಳಲೇ ಇಲ್ಲ.

ಗೃಹಿಣಿ, ಗಂಗಾವತಿ

ನಾನು ನರ್ಸ್. ಹನ್ನೊಂದು ವರ್ಷದಿಂದ ವಾರ್ಡಿನಲ್ಲಿದ್ದೇನೆ. ಅವ್ವ ಹೇಳುವುದರಲ್ಲಿ ಅರ್ಧ ನಿಜ ಇದೆ. ಮೊದಲು ಅದನ್ನು ಒಪ್ಪಿಕೊಳ್ಳಿ. ಎಲ್ಲ ಸುಳ್ಳು ಅಂತ ವಾದಕ್ಕೆ ನಿಂತರೆ ಅವರು ಇನ್ನೂ ಬಿಗಿಯಾಗುತ್ತಾರೆ.

ಕೊರೊನಾ ತಂದದ್ದು ಕಿಮೋ ಅಲ್ಲ. ಮನೆಯಲ್ಲಿ ಯಾರದೋ ಉಸಿರಿನಿಂದ ಬಂತು. ಆದರೆ ಅದು ಅವ್ವನಿಗೇ ಯಾಕೆ ಜೋರಾಯಿತು? ಲಿಂಫೋಮಾ ಅಂದರೆ ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳಿಗೇ ಬರುವ ಕ್ಯಾನ್ಸರ್. ಅದರ ಮೇಲೆ ಕಿಮೋ. ಬಹಳ ಜನರಿಗೆ ಇದರ ಜೊತೆ ರಿಟುಕ್ಸಿಮ್ಯಾಬ್ ಅನ್ನೋ ಇಂಜೆಕ್ಷನ್ ಕೂಡ ಕೊಡುತ್ತಾರೆ. ಅವ್ವನ ಫೈಲಿನಲ್ಲಿ ಆ ಹೆಸರಿದೆಯಾ ನೋಡಿ. ವೈರಸ್ ವಿರುದ್ಧ ಹೋರಾಡುವ ಪ್ರತಿಕಾಯ (ಆಂಟಿಬಾಡಿ) ತಯಾರಿಸುವ ಕಣಗಳನ್ನೇ ಅದು ಖಾಲಿ ಮಾಡುತ್ತದೆ. ಹಾಗಾಗಿ ವೈರಸ್ ಒಳಗೆ ಬಂದರೆ ಬೇಗ ಹೋಗುವುದಿಲ್ಲ. ತಿಂಗಳಾದರೂ ಪಾಸಿಟಿವ್ ಬಂದದ್ದಕ್ಕೆ ಇದು ಒಂದು ಕಾರಣ ಇರಬಹುದು. ಕೆಲವೊಮ್ಮೆ ಸತ್ತ ವೈರಸ್ಸಿನ ಚೂರುಗಳೂ ಆರ್‌ಟಿಪಿಸಿಆರ್ ಪರೀಕ್ಷೆಯಲ್ಲಿ ಸಿಕ್ಕಿಬಿಡುತ್ತವೆ. ಯಾವುದು ಅಂತ ಡಾಕ್ಟರೇ ತೂಗಿ ನೋಡಿ ಹೇಳಬೇಕು. ಈಗ ಅವರೇ ಬನ್ನಿ ಅಂದಿದ್ದಾರೆ ಅಂದರೆ ಅದನ್ನು ನೋಡಿಯೇ ಅಂದಿರುತ್ತಾರೆ.

ಅಣ್ಣನಿಗೆ ಇದನ್ನೂ ಹೇಳಿ. 2020ರಲ್ಲಿ ಬ್ರಿಟನ್ನಿನಲ್ಲಿ ಕೊರೊನಾ ಬಂದ 800 ಕ್ಯಾನ್ಸರ್ ರೋಗಿಗಳನ್ನು ನೋಡಿದರು. ಹಿಂದಿನ ನಾಲ್ಕು ವಾರದಲ್ಲಿ ಕಿಮೋ ತೆಗೆದುಕೊಂಡವರು, ತೆಗೆದುಕೊಳ್ಳದವರು, ಇಬ್ಬರ ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವಯಸ್ಸು, ಬಿಪಿ, ಹೃದಯದ ಕಾಯಿಲೆ ಇವೇ ಜಾಸ್ತಿ ಲೆಕ್ಕಕ್ಕೆ ಬಂದವು. ಲಿಂಫೋಮಾದಂಥ ರಕ್ತದ ಕ್ಯಾನ್ಸರ್‌ನವರಿಗೆ ಅಪಾಯ ಹೆಚ್ಚು ಅನ್ನುವುದೂ ನಿಜ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಜಾಗ್ರತೆ ಬೇಕು. ಆದರೆ ಜಾಗ್ರತೆ ಅಂದರೆ ಔಷಧ ಬಿಡುವುದಲ್ಲ. ಬಿಟ್ಟರೆ ಲಿಂಫೋಮಾ ಕೂಡ ಅದೇ ಬಿಳಿ ಕಣಗಳನ್ನು ತಿನ್ನುತ್ತದೆ.

ಮನೆಯಲ್ಲಿ ಒಂದು ಥರ್ಮಾಮೀಟರ್, ಬೆರಳಿಗೆ ಹಾಕುವ ಆಕ್ಸಿಮೀಟರ್ ಇರಲಿ. ಕಿಮೋ ಆದ ಏಳರಿಂದ ಹದಿನಾಲ್ಕನೇ ದಿನದವರೆಗೆ ಬಿಳಿ ಕಣ ತೀರಾ ಕೆಳಗೆ ಇಳಿದಿರುತ್ತವೆ. ಆ ದಿನಗಳಲ್ಲಿ ಜ್ವರ 100.4 ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನವರೆಗೆ ನೋಡೋಣ ಅನ್ನಬೇಡಿ. ಮಾತ್ರೆ ಜ್ವರವನ್ನಷ್ಟೇ ಇಳಿಸುತ್ತದೆ, ಒಳಗಿನ ಸೋಂಕು ಬೆಳೆಯುತ್ತಲೇ ಇರುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ಆಕ್ಸಿಜನ್ 94ಕ್ಕಿಂತ ಕೆಳಗೆ ಬಂದರೆ, ಒಂದೇ ಕಾಲು ಬಾತರೆ ಆಗಲೂ ಕಾಯಬೇಡಿ. ಕ್ಯಾನ್ಸರ್ ಇದ್ದಾಗ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ, ಕೊರೊನಾ ಅದನ್ನು ಇನ್ನೂ ಹೆಚ್ಚಿಸುತ್ತದೆ.

ಮತ್ತೆ ಕೊರೊನಾ ಬಂದರೆ ಮೊದಲ ಐದು ದಿನದೊಳಗೆ ಶುರು ಮಾಡಬೇಕಾದ ಮಾತ್ರೆಗಳಿವೆ. ಆದರೆ ಅವು ಬೇರೆ ಎಷ್ಟೋ ಔಷಧಗಳ ಜೊತೆ ಹೊಂದುವುದಿಲ್ಲ. ಅವ್ವ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು ಒಂದು ಹಾಳೆಯಲ್ಲಿ ಬರೆದು ಫೈಲಿನ ಮೊದಲ ಪುಟಕ್ಕೆ ಅಂಟಿಸಿಡಿ. ಕಷಾಯ ಕುಡಿಸುತ್ತಿದ್ದರೆ ಅದನ್ನೂ ಬರೆಯಿರಿ. ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ನಮ್ಮ ದೇಶದ ಡಾಕ್ಟರುಗಳೇ 2021ರಲ್ಲಿ ಬರೆದಿದ್ದಾರೆ. ಕಿಮೋ ನಡೆಯುವಾಗ ಲಿವರ್ ಮೇಲೆ ಮೊದಲೇ ಭಾರ ಇರುತ್ತದೆ, ಸುಮ್ನೆ ಇನ್ನೊಂದು ಭಾರ ಯಾಕೆ?

ಲಸಿಕೆ ವಿಷಯ ಡಾಕ್ಟರ ಹತ್ತಿರ ಮಾತಾಡಿ. ರಿಟುಕ್ಸಿಮ್ಯಾಬ್ ನಡೆಯುವಾಗ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಯಾವಾಗ ಹಾಕಿಸಬೇಕು ಅಂತ ಅವರು ಹೇಳುತ್ತಾರೆ. ಮನೆಯವರಿಗೆ ಏನು ಹಾಕಿಸಬಹುದು ಅಂತಲೂ ಆಗಲೇ ಕೇಳಿ. ಅವ್ವನ ಸುತ್ತ ಇರುವವರಿಗೆ ಕಾಯಿಲೆ ಬರದಿದ್ದರೆ ಅವ್ವನಿಗೂ ಬರುವ ಸಾಧ್ಯತೆ ಕಡಿಮೆ.

ಸ್ಟಾಫ್ ನರ್ಸ್, ಸಂಡೂರು

ನೆಂಟರ ವಿಷಯ ಮಾತ್ರ ಹೇಳುತ್ತೇನೆ. ಅಪ್ಪನಿಗೆ ಕಿಮೋ ನಡೆಯುವಾಗ ನಾವು ಬಾಗಿಲ ಮೇಲೆ ಹಾಳೆ ಅಂಟಿಸಿದ್ದೆವು: 'ಡಾಕ್ಟರು ಹೇಳಿದ್ದಾರೆ, ತಿಂಗಳ ಕೊನೆಯವರೆಗೆ ಒಳಗೆ ಬರಬೇಡಿ'. ಮಗಳು ಬೇಡ ಅಂದರೆ ಸಿಟ್ಟು ಬರುತ್ತದೆ, ಡಾಕ್ಟರು ಬೇಡ ಅಂದರೆ ಬರುವುದಿಲ್ಲ. ನಿಮ್ಮ ಡಾಕ್ಟರ ಕೈಯಲ್ಲೇ ಚೀಟಿ ಬರೆಸಿಕೊಳ್ಳಿ. ನೆಂಟರಲ್ಲಿ ಎಲ್ಲರೂ ಮಾತು ಕೇಳುವ ಹಿರಿಯರೊಬ್ಬರು ಇರುತ್ತಾರೆ ಅಲ್ವಾ, ಅವರಿಗೆ ಫೋನ್ ಮಾಡಿ ವಿಷಯ ತಿಳಿಸಿ. ಉಳಿದವರಿಗೆ ಅವರೇ ಹೇಳುತ್ತಾರೆ.

ಕಿರಾಣಿ ಅಂಗಡಿಯವರು, ಕುಷ್ಟಗಿ

ಬಾಗಿಲು ಪೂರ್ತಿ ಹಾಕಬೇಡಿ ಅನ್ನುವುದು ನನ್ನ ಮಾತು. ನನ್ನ ಹೆಂಡತಿ ಏಳು ತಿಂಗಳು ಯಾರನ್ನೂ ನೋಡದೆ ಕೋಣೆಯಲ್ಲಿ ಇದ್ದಳು. ಅವಳು ಊಟ ಬಿಟ್ಟದ್ದು ಔಷಧದಿಂದ ಅಲ್ಲ, ಮಾತಿಲ್ಲದೆ. ನಮ್ಮ ಕಡೆ ಅವ್ವಂದಿರಿಗೆ ಓಣಿಯೇ ಉಸಿರು.

ನಾವು ಆಮೇಲೆ ಹೀಗೆ ಮಾಡಿದೆವು. ಅಂಗಳದಲ್ಲಿ ಬೇವಿನ ಮರದ ಕೆಳಗೆ ಅವಳ ಕುರ್ಚಿ. ಬಂದವರು ಕಟ್ಟೆ ಮೇಲೆ, ಎರಡು ಮಾರು ದೂರ. ಇಬ್ಬರಿಗಿಂತ ಹೆಚ್ಚು ಮಂದಿ ಒಟ್ಟಿಗೆ ಇಲ್ಲ. ಮೂಗು ಸೋರುವವರು, ಕೆಮ್ಮುವವರು ಗೇಟಿನಿಂದಲೇ ವಾಪಸ್. ಮೊಮ್ಮಕ್ಕಳೂ ಅಷ್ಟೇ. ವೈರಸ್ ನಿಲ್ಲುವುದು ಮುಚ್ಚಿದ ಕೋಣೆಯಲ್ಲಿ, ಗಾಳಿಯಾಡುವ ಕಡೆ ಅದು ಚದುರಿಹೋಗುತ್ತದೆ. ಬಿಳಿ ಕಣ ಇಳಿದಿರುವ ಆ ಒಂದು ವಾರ ಮಾತ್ರ ಯಾರೂ ಬೇಡ. ಆಗ ಸಂಜೆ ವಿಡಿಯೊ ಕಾಲ್. ಬಿಸಿಲು ಇಳಿದ ಮೇಲೆ ಅರ್ಧ ಗಂಟೆ ಕೂತರೂ ಅವಳ ಮುಖ ಬೇರೆ ಆಗುತ್ತಿತ್ತು.

ನಿವೃತ್ತ ಶಿಕ್ಷಕ, ಮಾನ್ವಿ

ಬೆಂಗಳೂರಿಗೆ ಹೋಗಿಬರುವ ಖರ್ಚಿನ ಬಗ್ಗೆ ಯಾರೂ ಬರೆಯಲಿಕ್ಕಿಲ್ಲ ಅಂತ ನಾನು ಬರೆಯುತ್ತಿದ್ದೇನೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ. ಜೊತೆಗೆ ಹೋಗುವವರಿಗೆ ಶೇಕಡಾ 75ರಷ್ಟು ರಿಯಾಯಿತಿ. ಆಸ್ಪತ್ರೆಯಲ್ಲಿ ಅದಕ್ಕೆ ಅಂತಲೇ ಇರುವ ಫಾರಂ ತುಂಬಿಸಿಕೊಂಡು ಕೌಂಟರಿನಲ್ಲಿ ತೋರಿಸಬೇಕು. ಜನರಲ್ ಬೋಗಿ, ತುಂಬಿದ ಬಸ್ಸು ಬೇಡವೇ ಬೇಡ. ದಾರಿಯುದ್ದಕ್ಕೂ ಎನ್95 ಮಾಸ್ಕ್ ಇರಲಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯ ಒಂದು ಕೇಂದ್ರ ಕಲಬುರಗಿಯಲ್ಲೂ ಇದೆ. ಉಳಿದ ಸುತ್ತುಗಳನ್ನು ಹತ್ತಿರದಲ್ಲೇ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ.

ಆಟೊ ಚಾಲಕ, ರಾಯಚೂರು

ಅಕ್ಕಾ, ಇದು ನಿಮಗಲ್ಲ, ನಿಮ್ಮ ಅವ್ವನಿಗೆ. ಅವರಿಗೆ ಓದಿ ಹೇಳಿ.

ಅವ್ವಾ, ನನಗೆ 44 ವರ್ಷ. 2021ರ ಮೇನಲ್ಲಿ ನನಗೆ ಸ್ತನ ಕ್ಯಾನ್ಸರ್‌ನ ಕಿಮೋ ನಡೆದಿತ್ತು, ನಡುವೆ ಕೊರೊನಾ ಬಂತು. ಬೆಡ್ ಸಿಗದೆ ಒಂದು ರಾತ್ರಿ ಕಾರಿನಲ್ಲಿ ಕಳೆದೆ. ಉಸಿರು ಸಿಗದಿದ್ದರೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು, ನನಗೂ ಗೊತ್ತು. ಆರಾಮಾದ ಮೇಲೆ ಆಸ್ಪತ್ರೆಯ ಫಿನೈಲ್ ವಾಸನೆ ನೆನೆದರೇ ಹೊಟ್ಟೆ ತೊಳಸುತ್ತಿತ್ತು. ನಾನೂ ಒಲ್ಲೆ ಅಂದೆ. ಮೂರು ವಾರ ಒಲ್ಲೆ ಅಂದೆ. ಮನೆಯಲ್ಲಿ ಎಲ್ಲರೂ ಬೈದರು, ಅತ್ತರು. ನನ್ನ ಹೆದರಿಕೆ ಏನು ಅಂತ ಯಾರೂ ಕೇಳಲಿಲ್ಲ. ಕೊನೆಗೆ ಡಾಕ್ಟರಮ್ಮ ಒಬ್ಬರು ಕೇಳಿದರು. ಸಾಯುವುದಕ್ಕೆ ಹೆದರಿಕೆ ಇಲ್ಲ, ಮತ್ತೆ ಒಬ್ಬಳೇ ಆ ವಾರ್ಡಿನಲ್ಲಿ ಮಲಗುವುದಕ್ಕೆ ಹೆದರಿಕೆ ಅಂದೆ. ಅಷ್ಟು ಹೇಳಿದ ಮೇಲೆ ಅಳು ಬಂತು, ಆಮೇಲೆ ಧೈರ್ಯವೂ ಬಂತು. ಬೆಳಿಗ್ಗೆ ಬಂದು ಸಂಜೆ ಹೋಗುವ ಹಾಗೆ ಕಿಮೋ ಕೊಟ್ಟರು. ಕಿಟಕಿ ಪಕ್ಕದ ಕುರ್ಚಿ ಕೊಟ್ಟರು.

ನಿಮಗೆ ಯಾವುದರ ಹೆದರಿಕೆ ಅವ್ವಾ? ಮಗಳಿಗೆ ಹೇಳಿ. ಔಷಧದ ಹೆದರಿಕೆ ಅಂತ ಮೇಲೆ ಹೇಳಿದರೂ ಒಳಗೆ ಬೇರೆ ಏನೋ ಇರುತ್ತದೆ. ಅದನ್ನು ಹೇಳಿದರೆ ಅದಕ್ಕೆ ಏನಾದರೂ ಮಾಡಬಹುದು.

ನನಗೆ ಕೂದಲು ಮತ್ತೆ ಬಂದಿದೆ, ಮೊದಲಿಗಿಂತ ಗುಂಗುರಾಗಿ. ಹೋದ ತಿಂಗಳು ಹುಲಿಗೆಮ್ಮನ ಗುಡಿಗೆ ಹೋಗಿ ಬಂದೆ, ಮಾಸ್ಕ್ ಹಾಕಿಕೊಂಡು, ಮಂದಿ ಕಡಿಮೆ ಇರುವ ಬೆಳಗಿನ ಹೊತ್ತಿಗೆ. ನಾಲ್ಕನೇ ಸುತ್ತಿಗೆ ಹೋಗುವ ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ ಮಗಳನ್ನು ಎಬ್ಬಿಸಿ ಮಾತಾಡಿ. ಅವಳಿಗೂ ನಿದ್ದೆ ಬಂದಿರುವುದಿಲ್ಲ.

ಟೇಲರ್, ಸಿರುಗುಪ್ಪ