ಮನೆಯಲ್ಲೇ ಜೆರ್ಸಿ ಪ್ರಿಂಟ್ ಮಾಡಲು ಯಾವ ಹೀಟ್ ಪ್ರೆಸ್ ತಗೊಳ್ಳಲಿ? ಕೈಯಲ್ಲಿರುವುದು 20 ಸಾವಿರ

ಕುಮಟಾ ಹೊಲಿಗೆ:

ಎಲ್ಲರಿಗೂ ನಮಸ್ಕಾರ. ಕುಮಟಾ ಹತ್ತಿರದ ಹಳ್ಳಿ ನನ್ನದು. ಆರು ವರ್ಷದಿಂದ ಮನೆಯಲ್ಲೇ ಬ್ಲೌಸು, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುತ್ತಿದ್ದೇನೆ. ಹೋದ ವರ್ಷ ನಮ್ಮೂರ ಕಬಡ್ಡಿ ಹುಡುಗರು ಜೆರ್ಸಿ ಹೊಲಿಸಿಕೊಂಡರು. ಹೆಸರು, ನಂಬರ್ ಹಾಕಿಸಲು ಮಾತ್ರ ಬೇರೆ ಊರಿಗೆ ಹೋದರು. ಒಂದು ಜೆರ್ಸಿಗೆ ನನಗೆ ಸಿಕ್ಕ ಕೂಲಿಗಿಂತ ನಂಬರ್ ಹಾಕಿದವರಿಗೆ ಸಿಕ್ಕಿದ್ದು ಜಾಸ್ತಿ. ಅವತ್ತಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ.

ಕಾದ ಪ್ಲೇಟಿನಿಂದ ಬಟ್ಟೆಗೆ ಪ್ರಿಂಟ್ ಒತ್ತುವ ಹೀಟ್ ಪ್ರೆಸ್ ಮೆಷಿನ್ ನಾನೇ ತಗೊಳ್ಳಬೇಕು ಅಂತ. ಕೂಡಿಟ್ಟಿರುವುದು 20,000 ರೂಪಾಯಿ. ಆನ್‌ಲೈನ್‌ನಲ್ಲಿ 8 ಇನ್ 1 ಅಂತ ಒಂದು ಮೆಷಿನ್ ಬರುತ್ತದೆ. ಟೀ ಶರ್ಟು, ಚಹಾ ಕುಡಿಯುವ ಕಪ್ಪು, ತಟ್ಟೆ, ಟೋಪಿ ಎಲ್ಲಾ ಒಂದರಲ್ಲೇ ಆಗುತ್ತದಂತೆ. ಹೆಚ್ಚುಕಡಿಮೆ ಅದೇ ರೇಟಿಗೆ ಬರೀ ಟೀ ಶರ್ಟಿನ 15 ಇಂಚಿನದೂ ಇದೆ. ಎಂಟು ಕೆಲಸ ಬಿಟ್ಟು ಒಂದೇ ಕೆಲಸದ್ದು ಯಾಕೆ ತಗೊಳ್ಳಬೇಕು ಅನಿಸುತ್ತದೆ, ಆದರೆ ಧೈರ್ಯ ಬರುತ್ತಿಲ್ಲ. ನಮ್ಮದು ಹಳೇ ಚಿರೆಕಲ್ಲಿನ ಮನೆ. ಸಂಜೆ ಹೊತ್ತಿಗೆ ಟ್ಯೂಬ್‌ಲೈಟು ಹತ್ತಲು ಒದ್ದಾಡುವಷ್ಟು ವೋಲ್ಟೇಜ್ ಇಳಿಯುತ್ತದೆ. ಪ್ರಿಂಟರ್ ಬೇರೆ ತಗೊಳ್ಳಬೇಕಾ? ಮಳೆಗಾಲದಲ್ಲಿ ಏನು ಕಥೆ? ಮಾಡಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾರವಾರ ಪ್ರಿಂಟ್:

ತಂಗೀ ಅನ್ನಬಹುದು ಅಲ್ವಾ? ನಾನು ಕಾರವಾರದ ಕೋಡಿಬಾಗದಲ್ಲಿ ಐದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತೆ. ನಾನು ಮೊದಲು ತಗೊಂಡಿದ್ದು ಅದೇ 8 ಇನ್ 1. ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಆ ಮೆಷಿನ್ ಪಾರ್ಸಲ್‌ನಲ್ಲಿ ಬಂತು. ನೋಡಲು ಚೆಂದ ಇತ್ತು. ಮೊದಲ ದೊಡ್ಡ ಆರ್ಡರ್ ಒಂದು ಕ್ರಿಕೆಟ್ ಟೂರ್ನಮೆಂಟಿನ 22 ಟೀ ಶರ್ಟು. ಎಲ್ಲಾ ಹಾಕಿ ಕೊಟ್ಟೆ. ಎರಡು ವಾರದಲ್ಲಿ ಹುಡುಗರು ಹಿಡಿದುಕೊಂಡು ವಾಪಸ್ ಬಂದರು. ಮೂರು ಸಲ ಒಗೆದ ಮೇಲೆ ಪ್ರಿಂಟ್ ಏಳಲು ಶುರುವಾಗಿತ್ತು. ಒಂದೊಂದಾಗಿ ಮೇಜಿನ ಮೇಲೆ ಹರಡಿ ನೋಡಿದೆ. ಎಲ್ಲದರಲ್ಲೂ ಎದ್ದಿದ್ದು ಒಂದೇ ಜಾಗ, ಎಡಗಡೆ ಮೇಲಿನ ಮೂಲೆ. ಹಾಕುವಾಗ ಅಂಗಿಯ ಕುತ್ತಿಗೆ ಮೆಷಿನ್ನಿನ ಹಿಂಬದಿಗೆ ಬರುತ್ತದಲ್ಲ, ಅಂದರೆ ಪ್ಲೇಟಿನ ಹಿಂದಿನ ಎಡ ಮೂಲೆಗೆ ಕಾವೇ ಹೋಗುತ್ತಿರಲಿಲ್ಲ. ಆಮೇಲೆ ಲೇಸರ್ ಥರ್ಮಾಮೀಟರ್ ತಂದು ಹಿಡಿದರೆ ನಡುವೆ 160 ಡಿಗ್ರಿ, ಆ ಮೂಲೆಯಲ್ಲಿ 138. 22 ಟೀ ಶರ್ಟನ್ನೂ ಹೊಸದಾಗಿ ಮಾಡಿಕೊಟ್ಟೆ. ಆ ತಿಂಗಳು ಮನೆ ಖರ್ಚಿಗೆ ಚಿನ್ನದ ಉಂಗುರ ಅಡ ಇಟ್ಟಿದ್ದೆ.

ದೋಸೆ ಕಾವಲಿ ನೆನಪು ಮಾಡಿಕೊಳ್ಳಿ. ತೆಳು ಕಾವಲಿಯಲ್ಲಿ ನಡುವೆ ಸೀಯುತ್ತದೆ, ಅಂಚು ಹಸಿಯಾಗೇ ಇರುತ್ತದೆ. ಹೀಟ್ ಪ್ರೆಸ್ಸಿನಲ್ಲೂ ಅಷ್ಟೇ. ನೀವು ದುಡ್ಡು ಕೊಡುವುದು ಎರಡೇ ವಿಷಯಕ್ಕೆ. ಪ್ಲೇಟಿನ ತುಂಬ ಒಂದೇ ಸಮ ಕಾವು, ಒಂದೇ ಸಮ ಒತ್ತಡ. 8 ಇನ್ 1ರಲ್ಲಿ ಅದೇ ದುಡ್ಡು ಕಪ್ಪಿನ ಹೀಟರು, ಟೋಪಿಯ ಹೀಟರು, ತಟ್ಟೆಯ ಹೀಟರು ಅಂತ ಹಂಚಿಹೋಗುತ್ತದೆ. ಮುಖ್ಯವಾದ ಪ್ಲೇಟ್ ತೆಳು ಆಗುತ್ತದೆ, ಮೇಲಿನ ಕೈ ಅಲ್ಲಾಡುತ್ತದೆ. ನಿಮಗೆ ಬೇಕಾಗಿರುವುದು ಜೆರ್ಸಿ. ಬರೀ 15 ಇಂಚಿನದೇ ತಗೊಳ್ಳಿ. ಅಂದರೆ 38 ಸೆಂಟಿಮೀಟರ್ ಚೌಕ. ಎ4 ಹಾಳೆಯ ಪ್ರಿಂಟು, ಬೆನ್ನಿನ ದೊಡ್ಡ ನಂಬರು ಎರಡೂ ಆರಾಮಾಗಿ ಹಿಡಿಯುತ್ತವೆ.

ಬಾಯಿ ತೆರೆದ ಹಾಗೆ ಮೇಲೆ ಏಳುವುದು ಒಂದು ಥರ, ಪಕ್ಕಕ್ಕೆ ತಿರುಗುವುದು ಇನ್ನೊಂದು ಥರ. ಪಕ್ಕಕ್ಕೆ ತಿರುಗುವುದರಲ್ಲಿ ಪ್ಲೇಟು ನೇರ ಕೆಳಗೆ ಕೂರುತ್ತದೆ, ಕೈ ಸುಡುವ ಭಯ ಕಡಿಮೆ. ಆದರೆ ರೇಟು ಜಾಸ್ತಿ, ಮೇಜಿನ ಪಕ್ಕ ಜಾಗವೂ ಬೇಕು. ತೆಳು ಬಟ್ಟೆಗೆ ಮೊದಲನೆಯದೇ ಸಾಕು.

ತಗೊಳ್ಳುವ ಮೊದಲು ಅಂಗಡಿಗೆ ಹೋಗಿ ಕಣ್ಣಾರೆ ನೋಡಿ. ಹುಬ್ಬಳ್ಳಿಯಲ್ಲಿ ಸಿಗುತ್ತವೆ. ಹೋಗುವಾಗ ಪೇಪರಿನ ನಾಲ್ಕು ಪಟ್ಟಿ ಕತ್ತರಿಸಿ ತಗೊಂಡು ಹೋಗಿ. ಮೆಷಿನ್ ತಣ್ಣಗಿರುವಾಗಲೇ ನಾಲ್ಕು ಮೂಲೆಗೆ ಒಂದೊಂದು ಪಟ್ಟಿ ಇಟ್ಟು ಪ್ರೆಸ್ ಮುಚ್ಚಿ. ಆಮೇಲೆ ಒಂದೊಂದೇ ಎಳೆಯಿರಿ. ನಾಲ್ಕೂ ಒಂದೇ ಬಿಗಿಯಲ್ಲಿ ಹಿಡಿದಿರಬೇಕು. ಒಂದು ಸುಮ್ನೆ ಜಾರಿ ಬಂದರೆ ಆ ಮೆಷಿನ್ ಬೇಡ. ಆಮೇಲೆ 160ಕ್ಕೆ ಕಾಯಿಸಲು ಹೇಳಿ. ಡಿಗ್ರಿ ಬಂದ ತಕ್ಷಣ ನೋಡಬೇಡಿ, ಹತ್ತು ನಿಮಿಷ ಬಿಟ್ಟು ನೋಡಿ. ನಡುವೆ, ನಾಲ್ಕು ಮೂಲೆ, ನಾಲ್ಕು ಅಂಚು, ಒಟ್ಟು ಒಂಬತ್ತು ಕಡೆ ಥರ್ಮಾಮೀಟರ್ ಹಿಡಿಯಿರಿ. ಐದಾರು ಡಿಗ್ರಿ ಹೆಚ್ಚುಕಡಿಮೆ ಇದ್ದರೆ ತೊಂದರೆ ಇಲ್ಲ. ಹದಿನೈದು ಇಪ್ಪತ್ತು ಇದ್ದರೆ ಕೈಮುಗಿದು ಹೊರಗೆ ಬನ್ನಿ. ಪ್ಲೇಟಿಗೆ ಕಪ್ಪು ಬಣ್ಣದ ಟೆಫ್ಲಾನ್ ಲೇಪ ಇದ್ದರೆ ಮಾತ್ರ ಲೇಸರ್ ಸರಿಯಾಗಿ ತೋರಿಸುತ್ತದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಕಡಿಮೆ ತೋರಿಸುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ಪ್ರಿಂಟರ್ ಈಗಲೇ ಬೇಡ. ಇದನ್ನು ಒತ್ತಿ ಹೇಳುತ್ತೇನೆ. ಡಿಟಿಎಫ್ ಅಂತ ಒಂದಿದೆ. ನೀವು ಡಿಸೈನ್ ಕಳಿಸಿದರೆ ಅವರು ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಮೀಟರ್ ಲೆಕ್ಕದಲ್ಲಿ ಕಳಿಸುತ್ತಾರೆ. ನೀವು ಕತ್ತರಿಸಿ ಬಟ್ಟೆಗೆ ಒತ್ತಿದರಾಯಿತು. 150ರಿಂದ 160 ಡಿಗ್ರಿ, ಹತ್ತು ಹದಿನೈದು ಸೆಕೆಂಡು. ಹತ್ತಿ ಬಟ್ಟೆ, ಕಪ್ಪು ಬಟ್ಟೆ ಎಲ್ಲದಕ್ಕೂ ಆಗುತ್ತದೆ. ಫಿಲ್ಮನ್ನು ಬಿಸಿ ಇರುವಾಗ ತೆಗೆಯಬೇಕಾ, ತಣ್ಣಗಾದ ಮೇಲಾ ಅಂತ ಕೊಡುವವರ ಹತ್ತಿರ ಕೇಳಿಕೊಳ್ಳಿ, ಎರಡೂ ಥರ ಇವೆ. ತೆಗೆದ ಮೇಲೆ ಬಟರ್ ಪೇಪರ್ ಇಟ್ಟು ಇನ್ನೊಂದು ಐದು ಸೆಕೆಂಡ್ ಒತ್ತಿ. ಒಗೆತಕ್ಕೆ ತಡೆಯುವುದು ಈ ಎರಡನೇ ಸಲದಿಂದಲೇ. ಡಿಟಿಎಫ್ ಪ್ರಿಂಟರನ್ನೇ ಮನೆಗೆ ತರುವ ಆಸೆ ಸದ್ಯಕ್ಕೆ ಬೇಡ. ಅದರ ಬಿಳಿ ಇಂಕು ದಿನಾ ಓಡಿಸದಿದ್ದರೆ ತಳಕ್ಕೆ ಕೂತು, ಇಂಕು ಚಿಮ್ಮಿಸುವ ಹೆಡ್ ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ಎರಡು ಆರ್ಡರ್ ಇರುವವರಿಗೆ ಅದು ಆಗುವ ಮಾತಲ್ಲ.

ಸಬ್ಲಿಮೇಶನ್ ಆಮೇಲೆ ಕಲಿಯಿರಿ. ಅದರಲ್ಲಿ ಪೇಪರಿನ ಮೇಲೆ ಪ್ರಿಂಟ್ ಮಾಡಿದ ಇಂಕು ಕಾವಿಗೆ ಆವಿಯಾಗಿ ಪಾಲಿಯೆಸ್ಟರ್ ನೂಲಿನ ಒಳಗೇ ಹೋಗುತ್ತದೆ. ಕೈಗೆ ಏನೂ ಸಿಗುವುದಿಲ್ಲ, ಜೆರ್ಸಿಯ ಗಾಳಿ ಕಟ್ಟುವುದಿಲ್ಲ. ಆದರೆ 190, 200 ಡಿಗ್ರಿಗೆ ಸುಮಾರು 45ರಿಂದ 60 ಸೆಕೆಂಡ್ ಬೇಕು. ಹತ್ತಿಗೆ ಹಿಡಿಯುವುದಿಲ್ಲ. ಇದರಲ್ಲಿ ಬಿಳಿ ಇಂಕು ಇಲ್ಲ, ಹಾಗಾಗಿ ಬಿಳಿ ಅಥವಾ ತೆಳು ಬಣ್ಣದ ಬಟ್ಟೆಗೆ ಮಾತ್ರ. ಅದಕ್ಕೆ ಎಪ್ಸನ್ ಟ್ಯಾಂಕ್ ಪ್ರಿಂಟರಿಗೆ ಸಬ್ಲಿಮೇಶನ್ ಇಂಕು ತುಂಬಿಸಿಕೊಳ್ಳುತ್ತಾರೆ. ಅದರ ಹೆಡ್ ಇಂಕನ್ನು ಕಾಯಿಸುವುದಿಲ್ಲ, ಅದಕ್ಕೇ ಅದು ಆಗಿಬರುತ್ತದೆ. ಹೊಸ ಪ್ರಿಂಟರಿಗೇ ತುಂಬಿಸಬೇಕು, ಮಾಮೂಲಿ ಇಂಕು ಓಡಿಸಿದ್ದಕ್ಕಲ್ಲ.

ಮಳೆಗಾಲದ ಬಗ್ಗೆ ಕೇಳಿದಿರಿ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಒಣಗಿದ ಬಟ್ಟೆ ಅಂತ ಇರುವುದೇ ಇಲ್ಲ. ಕಪಾಟಿನಲ್ಲಿ ಇಟ್ಟ ಹೊಸ ಟೀ ಶರ್ಟಿನಲ್ಲೂ ನೀರಿನಂಶ ಇರುತ್ತದೆ. ಪ್ರಿಂಟ್ ಇಡುವ ಮೊದಲು ಬರೀ ಬಟ್ಟೆಯನ್ನು ಹತ್ತು ಸೆಕೆಂಡ್ ಒತ್ತಿ ತೆಗೆಯಿರಿ. ಜುಲೈಯಲ್ಲಿ ಪ್ರೆಸ್ ಎತ್ತಿದ ಕೂಡಲೇ ಸಣ್ಣಗೆ ಹಬೆ ಏಳುವುದು ಕಣ್ಣಿಗೆ ಕಾಣುತ್ತದೆ. ಆ ಹಬೆ ಒಳಗೇ ಉಳಿದರೆ ಪ್ರಿಂಟ್ ಅಂಟುವುದಿಲ್ಲ. ಸಬ್ಲಿಮೇಶನ್ ಪೇಪರ್ ಇದ್ದರೆ ಹಪ್ಪಳ ಇಡುವ ಸ್ಟೀಲ್ ಡಬ್ಬಿಯಂಥದರಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಸಮುದ್ರದ ಗಾಳಿಗೆ ಮೆಷಿನ್ನಿನ ಸ್ಕ್ರೂ, ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತವೆ. ಹೊಲಿಗೆ ಮೆಷಿನ್ನಿಗೆ ಹಾಕುವ ಎಣ್ಣೆಯನ್ನೇ ಬಟ್ಟೆಯಲ್ಲಿ ತೊಯಿಸಿ ಕಬ್ಬಿಣದ ಭಾಗಕ್ಕೆ ವಾರಕ್ಕೊಮ್ಮೆ ಒರೆಸಿ, ಪ್ಲೇಟಿಗೆ ತಾಗಿಸಬೇಡಿ. ಮೇಲೆ ಹೊದಿಸಲು ಹಳೇ ಬೆಡ್‌ಶೀಟ್ ಸಾಕು. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ.

ಶಿರಸಿ ವೈರ್‌ಮನ್:

ಮೇಲಿನ ಅಕ್ಕ ಮೆಷಿನ್ ವಿಷಯ ಎಲ್ಲಾ ಹೇಳಿದ್ದಾರೆ. ನಾನು ಗೋಡೆಯ ಒಳಗಿನದ್ದು ಹೇಳುತ್ತೇನೆ, ಇದನ್ನು ದಯವಿಟ್ಟು ಹಗುರ ಮಾಡಬೇಡಿ.

15 ಇಂಚಿನ ಮೆಷಿನ್ ಸಾಮಾನ್ಯವಾಗಿ 1,400ರಿಂದ 1,800 ವ್ಯಾಟ್. 1,800 ಅಂದರೆ ಹತ್ತಿರ ಹತ್ತಿರ 8 ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಓಡಿಸಿದ ಮನೆಗಳನ್ನು ನೋಡಿದ್ದೇನೆ. ಒಂದು ಕಡೆ ಪ್ಲಗ್ಗು ಕರಗಿ ಸಾಕೆಟ್ಟಿಗೇ ಅಂಟಿಹೋಗಿತ್ತು, ಚಾಕು ಹಾಕಿ ಬಿಡಿಸಬೇಕಾಯಿತು. ಬೋರ್ಡಿನಿಂದ ಬೇರೆ ಲೈನ್ ಎಳೆಸಿ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, 16 ಆಂಪಿಯರ್ ಸಾಕೆಟ್ಟು, ಅದಕ್ಕೆ ಬೇರೆ ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು. ಜೊತೆಗೆ ಕರೆಂಟು ಸೋರಿದರೆ ತಕ್ಷಣ ಆಫ್ ಮಾಡುವ 30 ಮಿಲಿಆಂಪಿಯರ್‌ದು ಆರ್‌ಸಿಸಿಬಿ ಒಂದು ಹಾಕಿಸಿ.

ಅರ್ಥಿಂಗ್ ಮುಖ್ಯ. ಹಳೇ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. ನೀವು ಇಡೀ ದಿನ ಕಬ್ಬಿಣದ ಹಿಡಿ ಹಿಡಿದು ಎಳೆಯುವವರು. ವೈರ್‌ಮನ್ನಿಗೆ ಹೇಳಿ ಟೆಸ್ಟ್ ಮಾಡಿಸಿ. ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ, ಅರ್ಥ್ ಗುಂಡಿಗೆ ಮಾರ್ಚ್, ಏಪ್ರಿಲ್‌ನಲ್ಲಿ ನೀರು ಹಾಕುತ್ತಿರಿ.

ವೋಲ್ಟೇಜ್ ಲೆಕ್ಕ ಹೀಗೆ. 230 ಇರಬೇಕಾದಲ್ಲಿ 190 ಇದ್ದರೆ ಹೀಟರಿನ ಶಕ್ತಿ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. 160 ಡಿಗ್ರಿ ಬರುತ್ತದೆ, ಆದರೆ ನಿಧಾನ. ಪ್ರತಿ ಅಂಗಿ ಇಟ್ಟಾಗ ಕಾವು ಇಳಿದು ಮತ್ತೆ ಏರಲು ಹೊತ್ತು ಬೇಕು. ಸಂಜೆಗಿಂತ ಬೆಳಿಗ್ಗೆ ಕೆಲಸ ಇಟ್ಟುಕೊಳ್ಳಿ. ಪಂಪು, ಇಸ್ತ್ರಿ ಪೆಟ್ಟಿಗೆ ಜೊತೆಗೇ ಹಾಕಬೇಡಿ. ಸ್ಟೆಬಿಲೈಸರ್ ಹಾಕುವುದಾದರೆ 3 ಕೆವಿಎ ಬೇಕು, ಟಿವಿಯದ್ದು ನಡೆಯುವುದಿಲ್ಲ. ಮನೆಯ ಇನ್ವರ್ಟರಿನಲ್ಲಿ ಇದನ್ನು ಓಡಿಸುವ ಯೋಚನೆಯೇ ಬೇಡ.

20,000ದಲ್ಲಿ ವೈರಿಂಗಿಗೆ ಅಂತ ಮೂರು ಸಾವಿರ ಮೊದಲೇ ಎತ್ತಿಡಿ.

ಗೋಕರ್ಣ ಕಪ್ಪು:

ನಾನು ಚಹಾ ಕಪ್ಪಿನ ಮೇಲೆ ಪ್ರಿಂಟ್ ಮಾಡಿ ಪ್ರವಾಸಿಗರಿಗೆ ಮಾರುತ್ತೇನೆ. ಕಪ್ಪಿನ ಆಸೆ ಇದ್ದರೆ ಆಮೇಲೆ ಬರೀ ಕಪ್ಪಿನ ಪ್ರೆಸ್ ಬೇರೆ ತಗೊಳ್ಳಿ. ಅದರ ಹೀಟರ್ ಸುತ್ತು ಸವೆಯುವ ವಸ್ತು, ಹೋದರೆ ಅದೊಂದನ್ನೇ ಬದಲಾಯಿಸಬಹುದು, ಟೀ ಶರ್ಟ್ ಕೆಲಸ ನಿಲ್ಲುವುದಿಲ್ಲ. ಕಿರಾಣಿ ಅಂಗಡಿಯ ಕಪ್ಪಿಗೆ ಪ್ರಿಂಟ್ ಹಿಡಿಯುವುದಿಲ್ಲ, ಸಬ್ಲಿಮೇಶನ್ ಕೋಟಿಂಗ್ ಇರುವುದೇ ಬೇಕು. ಇನ್ನೊಂದು ಮಾತು. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಅಂತ ಇದೆ, ಮಾಡಿಕೊಳ್ಳಿ, ಆನ್‌ಲೈನ್‌ನಲ್ಲಿ ಪುಕ್ಕಟೆ, ಯಾರಿಗೂ ದುಡ್ಡು ಕೊಡಬೇಡಿ. ದುಡ್ಡು ಸಾಲದಿದ್ದರೆ ಮುದ್ರಾ ಯೋಜನೆಯ ಶಿಶು ಸಾಲ 50,000ದ ತನಕ ಇದೆ, ಬ್ಯಾಂಕಿನಲ್ಲಿ ಕೇಳಿ.

ಕುಮಟಾ ಹೊಲಿಗೆ:

ಅಕ್ಕ, ಅಣ್ಣ, ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಮೊದಲು ವೈರಿಂಗ್ ಮಾಡಿಸಿದೆ. ಶಿರಸಿ ಅಣ್ಣ ಹೇಳಿದ ಹಾಗೇ ಇತ್ತು, ಮೂರನೇ ತೂತಿನ ಹಿಂದೆ ಏನೂ ಇರಲಿಲ್ಲ. ಅದನ್ನು ನೋಡಿ ಅಪ್ಪನೇ ಅಂಗಳದಲ್ಲಿ ಅರ್ಥ್ ಗುಂಡಿ ತೋಡಿದರು. ಆಮೇಲೆ ತಮ್ಮನನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದೆ. ಪೇಪರ್ ಪಟ್ಟಿ ಬ್ಯಾಗಿನಲ್ಲೇ ಇತ್ತು. ಮೊದಲ ಅಂಗಡಿಯಲ್ಲಿ ಮುಂದಿನ ಬಲಗಡೆ ಪಟ್ಟಿ ಎಳೆಯುವ ಮೊದಲೇ ಜಾರಿತು. ಅದನ್ನು ಬಿಟ್ಟೆ. ಎರಡನೇ ಕಡೆ ನಾಲ್ಕೂ ಬಿಗಿ ಇತ್ತು. ಕಾಯಿಸಿ ತೋರಿಸಿ ಅಂದೆ, ಅವರೂ ಬೇಸರ ಮಾಡಿಕೊಳ್ಳದೆ ತೋರಿಸಿದರು. ಹೆಚ್ಚೆಂದರೆ ಆರು ಡಿಗ್ರಿ ವ್ಯತ್ಯಾಸ. ಟೆಫ್ಲಾನ್ ಶೀಟ್ ಸೇರಿ 13,500 ಆಯಿತು, ಬಿಲ್ಲು, ಒಂದು ವರ್ಷದ ವಾರಂಟಿ ಇದೆ. ಇಪ್ಪತ್ತು ಕಿಲೋ ಮೇಲೆ ತೂಕ, ಬಸ್ಸಿನಲ್ಲಿ ತಮ್ಮ ಕಾಲ ಹತ್ತಿರವೇ ಇಟ್ಟುಕೊಂಡು ಬಂದ.

ಹತ್ತಿ ಟೀ ಶರ್ಟಿಗೆ ಹಾಕಿ ಐದು ಸಲ ಒಗೆದೆ, ಒಂದು ಅಂಚೂ ಎದ್ದಿಲ್ಲ. ಈಗ ಅದೇ ಕಬಡ್ಡಿ ಹುಡುಗರ 14 ಜೆರ್ಸಿ ಬಂದಿದೆ. ಕೆಂಪು ಪಾಲಿಯೆಸ್ಟರ್, ಬಿಳಿ ನಂಬರು. 160ರಲ್ಲೇ ಹಾಕಲಾ ಅಕ್ಕ?

ಕಾರವಾರ ಪ್ರಿಂಟ್:

ಹಾಕಬೇಡಿ ತಂಗಿ! ಕೇಳಿದ್ದು ಒಳ್ಳೆಯದಾಯಿತು.

ಕೆಂಪು ಪಾಲಿಯೆಸ್ಟರಿನ ಬಣ್ಣ ಜಾಸ್ತಿ ಕಾವಿಗೆ ನೂಲು ಬಿಟ್ಟು ಮೇಲೆ ಬರುತ್ತದೆ. ಬಿಳಿ ನಂಬರಿನ ಒಳಗೆ ಇಳಿಯುತ್ತದೆ. ಹಾಕಿದಾಗ ಅಪ್ಪಟ ಬಿಳಿ ಕಾಣುತ್ತದೆ, ಮಾರನೇ ದಿನ ನೋಡಿದರೆ ಗುಲಾಬಿ. 130 ಡಿಗ್ರಿಗೆ ಇಳಿಸಿ. ಫಿಲ್ಮ್ ಕೊಡುವವರಿಗೆ ಪಾಲಿಯೆಸ್ಟರ್ ಕೆಂಪು ಬಟ್ಟೆ ಅಂತ ಮೊದಲೇ ಹೇಳಿ. ಕಡಿಮೆ ಕಾವಿಗೆ ಅಂಟುವ ಪೌಡರ್, ಬಣ್ಣ ತಡೆಯುವಂಥದ್ದು ಬೇರೆ ಇದೆ, ಅದನ್ನೇ ಹಾಕಿ ಕಳಿಸಲಿ. ಒಂದರ ಹಿಂದೆ ಒಂದು ಒತ್ತಿದ ಜೆರ್ಸಿಗಳನ್ನು ಬಿಸಿ ಇರುವಾಗಲೇ ಮೇಲಿಂದ ಮೇಲೆ ಪೇರಿಸಬೇಡಿ, ಆ ಕಾವಿಗೂ ಬಣ್ಣ ಬಿಡುತ್ತದೆ. ಹಗ್ಗಕ್ಕೆ ಹಾಕಿ ತಣಿಸಿ.

ಜೆರ್ಸಿ ಹೊಲಿದ ಬಟ್ಟೆಯ ತುಂಡು ನಿಮ್ಮ ಹತ್ತಿರ ಉಳಿದೇ ಇರುತ್ತದೆ ಅಲ್ವಾ? ಅದಕ್ಕೆ ಒಂದು ನಂಬರ್ ಒತ್ತಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ನೋಡಿ. ಬಿಳಿ ಬಿಳಿಯಾಗೇ ಇದ್ದರೆ 14ಕ್ಕೂ ಹಾಕಿ.